ಓದುಗರ ಪ್ರಶ್ನೆ: ಪ್ರಸ್ತಾರದಲ್ಲಿ ಅಂಕ ಸೋರುವುದೆಲ್ಲಿ?

ಪ್ರಶ್ನೆ: ಬಿ.ಎ. ಕನ್ನಡ ಪತ್ರಿಕೆಗೆ ಛಂದಸ್ಸಿನ ಸೂತ್ರಗಳೆಲ್ಲ ಬಾಯಿಪಾಠ ಆಗಿವೆ. ಪದ್ಯ ಕೊಟ್ಟು ಪ್ರಸ್ತಾರ (ಅಕ್ಷರಗಳ ಮಾತ್ರೆ, ಅಂದರೆ ಉಚ್ಚಾರದ ಕಾಲ, ಗುರುತಿಸಿ ಗಣಗಳಾಗಿ ಗುಂಪು ಮಾಡುವುದು) ಹಾಕಿ ಎಂದರೆ ಮಾತ್ರ ಒಂದು ಮಾತ್ರೆ ಹೆಚ್ಚು, ಇಲ್ಲವೇ ಒಂದು ಕಡಿಮೆ. ಯಾಕೆ?
– ವಿದ್ಯಾರ್ಥಿನಿ, ಗದಗ

ಉತ್ತರ: ತಪ್ಪು ಸೂತ್ರದಲ್ಲಿಲ್ಲ, ಪದ್ಯವನ್ನು ಇಳಿಸಿಕೊಳ್ಳುವಾಗ ಆಗುತ್ತಿರಬೇಕು. ವೀರನಾರಾಯಣನ ಊರಿನವರಿಗೆ ಕುಮಾರವ್ಯಾಸ ಬಳಸಿದ ಭಾಮಿನಿಯಿಂದಲೇ ಹೇಳೋಣ. ಆರು ಪಾದಗಳ ಈ ಷಟ್ಪದಿಯ 1, 2, 4, 5ನೇ ಪಾದಗಳಲ್ಲಿ 3-4-3-4, ಅಂದರೆ 14 ಮಾತ್ರೆ. 3 ಮತ್ತು 6ರಲ್ಲಿ 3-4-3-4-3-4ರ ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ), ಅಂದರೆ 23. ‘ಊರ ಕೆರೆಯಲಿ ನೀರು ತುಂಬಿತು’ ಎಂಬ ಸಾಲನ್ನು ಎಣಿಸಿ ನೋಡಿ: 3, 4, 3, 4. ಇದನ್ನೇ ಮಾತಿನ ರೂಢಿಯಲ್ಲಿ ‘ಕೆರೆಯಲ್ಲಿ’ ಎಂದು ಬರೆದುಕೊಂಡರೆ ಒತ್ತಕ್ಷರದ ಹಿಂದಿನ ‘ಯ’ ಗುರುವಾಗಿ ಗಣ 5 ಮಾತ್ರೆಗೆ ಹೋಯಿತು, ಪಾದ 15 ಆಯಿತು. ನಿಮ್ಮ ‘ಒಂದು ಹೆಚ್ಚು’ ಬಹುಪಾಲು ಇಂಥದ್ದೇ. ‘ಒಂದು ಕಡಿಮೆ’ ಬರುವುದು 3 ಮತ್ತು 6ನೇ ಪಾದದ ಕೊನೆಯಲ್ಲಿ. ಅಲ್ಲಿಯ ಅಕ್ಷರ ಲಘು (ಒಂದು ಮಾತ್ರೆಯದು) ಆಗಿದ್ದರೂ ಗುರುವೆಂದೇ ಲೆಕ್ಕ. ಪದ ಎಲ್ಲಿ ಮುಗಿಯಿತೆಂದು ನೋಡಿ ಗಣ ಕಡಿಯಬೇಡಿ, ಗಣ ಪದದ ನಡುವೆಯೂ ಒಡೆಯುತ್ತದೆ.

ಕಂದಪದ್ಯದ ವಿಶೇಷವೆಂದರೆ ನಿಮ್ಮ ತಪ್ಪನ್ನು ಅದೇ ಹಿಡಿದುಕೊಡುತ್ತದೆ. ನಾಲ್ಕು ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆ, ಎಲ್ಲವೂ ನಾಲ್ಕು ಮಾತ್ರೆಯ ಗಣಗಳು. ಅರ್ಧಕ್ಕೆ, ಅಂದರೆ ಎರಡು ಪಾದಕ್ಕೆ, 8 ಗಣ. ಅದರ 6ನೆಯದು ಜಗಣ (ಲಘು-ಗುರು-ಲಘು) ಇಲ್ಲವೇ ಸರ್ವಲಘು (ನಾಲ್ಕೂ ಲಘು) ಆಗಿರಲೇಬೇಕು. 1, 3, 5, 7ರಲ್ಲಿ ಜಗಣ ಬರಕೂಡದು. 6ನೇ ಗಣ ಹಾಗೆ ಬರಲಿಲ್ಲವೆಂದರೆ ಹಿಂದೆ ಎಲ್ಲೋ ಎಡವಿದ್ದೀರಿ. ಹಳಗನ್ನಡದಲ್ಲಿ ಮೊದಲ ಅನುಮಾನ ಶಿಥಿಲದ್ವಿತ್ವದ ಮೇಲಿರಲಿ. ‘ಅಮರ್ದು’ ಎಂಬಲ್ಲಿ ಒತ್ತಕ್ಷರ ತೇಲಿಸಿ ಉಚ್ಚರಿಸಿದರೆ ‘ಮ’ ಲಘುವಾಗಿಯೇ ಉಳಿಯುತ್ತದೆ.

ವೃತ್ತ (ಪಾದಕ್ಕೆ ಇಷ್ಟೇ ಅಕ್ಷರ ಎಂಬ ಪದ್ಯ) ಬಂದರೆ ಗಣ ಹಾಕುವ ಮೊದಲೇ ಒಂದು ಪಾದದ ಅಕ್ಷರ ಎಣಿಸಿ. 19 ಇದ್ದರೆ ಶಾರ್ದೂಲ, 22 ಇದ್ದರೆ ಮಹಾಸ್ರಗ್ಧರೆ. 20 ಇದ್ದು ಮೊದಲಕ್ಷರ ಗುರುವಾದರೆ ಉತ್ಪಲಮಾಲೆ, ಲಘುವಾದರೆ ಮತ್ತೇಭ. 21 ಇದ್ದು ಗುರುವಿನಿಂದ ಶುರುವಾದರೆ ಸ್ರಗ್ಧರೆ, ಲಘುವಿನಿಂದಾದರೆ ಚಂಪಕಮಾಲೆ. ಖ್ಯಾತ ಕರ್ನಾಟಕಗಳು, ಅಂದರೆ ಕನ್ನಡದಲ್ಲಿ ಹೆಸರಾದ ಈ ವೃತ್ತಗಳು, ಆರೇ ಆದ್ದರಿಂದ ಈ ಉಪಾಯ ಸಾಕು. ಆಮೇಲೆ ಗಣ ಹಾಕಿ ಖಾತ್ರಿ ಮಾಡಿಕೊಳ್ಳಿ. ಬರೀ ಹೆಸರಿಗೆ ಪೂರ್ತಿ ಅಂಕ ಸಿಗದು.

ಪ್ರಶ್ನೆ: ಸಂದರ್ಭ ಸಹಿತ ವಿವರಣೆಗೆ ಒಂದೂವರೆ ಪುಟ ಬರೆದರೂ 5ಕ್ಕೆ 2 ಬರುತ್ತದೆ. ಪಂಪ, ರನ್ನರ ಸಾಲುಗಳೂ ಅದಲುಬದಲಾಗುತ್ತವೆ.
– ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಆ ಒಂದೂವರೆ ಪುಟದಲ್ಲಿ ಕಥೆಯೇ ತುಂಬಿರಬೇಕು. ಕವಿ, ಕೃತಿ, ಭಾಗ ಒಂದು ವಾಕ್ಯದಲ್ಲಿ ಮುಗಿಯಲಿ. ಯಾರು ಯಾರಿಗೆ, ಯಾವಾಗ ಹೇಳಿದ್ದು ಎಂಬುದಕ್ಕೆ ಮೂರ್ನಾಲ್ಕು ವಾಕ್ಯ. ಉಳಿದ ಜಾಗವೆಲ್ಲ ಸ್ವಾರಸ್ಯಕ್ಕೆ: ಆ ಮಾತು ಅಲ್ಲಿ ಯಾಕೆ ಚುಚ್ಚುತ್ತದೆ, ಯಾವ ಪದ ಆ ಕೆಲಸ ಮಾಡಿದೆ. ಅಂಕ ಕೂತಿರುವುದು ಇಲ್ಲೇ, ಬಹಳ ಮಂದಿ ‘ಮಾರ್ಮಿಕವಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುವುದೂ ಇಲ್ಲೇ.

ಗೊಂದಲವಾದಾಗ ಬಿರುದುಗಳನ್ನು ಹುಡುಕಿ. ಪಂಪ 941ರ ತನ್ನ ಭಾರತದಲ್ಲಿ ಆಶ್ರಯದಾತ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿದ; ‘ಅರಿಗ’ ಎಂದಿದ್ದರೆ ಪಂಪ. ರನ್ನನಿಗೆ ತನ್ನ ದೊರೆ ಸತ್ಯಾಶ್ರಯನೇ ಭೀಮ. ‘ಸಾಹಸಭೀಮ’ ಕಂಡರೆ ರನ್ನನ ಗದಾಯುದ್ಧ. ದುರ್ಯೋಧನ ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ ಆಡಿದ ಮಾತಾದರೆ ಅದೂ ರನ್ನನದೇ ಎಂದು ಹಿಡಿಯಬಹುದು.

ಪ್ರಶ್ನೆ: 2 ಗಂಟೆಯಲ್ಲಿ 60 ಅಂಕ. ಕೊನೆಯ ಪ್ರಶ್ನೆ ಸದಾ ಅರ್ಧಕ್ಕೇ ನಿಲ್ಲುತ್ತದೆ.
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: 5 ಅಂಕಕ್ಕೆ 9 ನಿಮಿಷ, 10ಕ್ಕೆ 18, ಇದಕ್ಕಿಂತ ಹೆಚ್ಚು ಕೊಡಬೇಡಿ. ಹೀಗೆ ನಡೆದರೆ 12 ನಿಮಿಷ ಮಿಕ್ಕುತ್ತದೆ, 5 ನಿಮಿಷ ಪ್ರಶ್ನೆಪತ್ರಿಕೆ ಓದಲು, ಉಳಿದದ್ದು ಕೊನೆಗೆ. ಪ್ರಸ್ತಾರ ಮೊದಲೇ ಮುಗಿಸಿ. ಕೊನೆಗೆ ಇಟ್ಟುಕೊಂಡರೆ ಅವಸರದಲ್ಲಿ ಎಣಿಕೆ ಕೆಡುತ್ತದೆ. ಹೊಂದದಿದ್ದರೆ ಒಂದೇ ಸಲ ಮತ್ತೆ ಎಣಿಸಿ, ಆಗಲೂ ಆಗದಿದ್ದರೆ ನಾಲ್ಕು ಗೆರೆ ಜಾಗ ಬಿಟ್ಟು ಮುಂದೆ ಹೋಗಿ.