ಫೌಂಡ್ರಿಯಲ್ಲಿ ಸಂಘ: 20 ಜನರಿಂದ 72 ಜನರವರೆಗೆ

ಪ್ರಶ್ನೆ: ನಮ್ಮದು ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿ (ಲೋಹದ ಎರಕದ ಕಾರ್ಖಾನೆ). ಕಾಯಂ 140, ಗುತ್ತಿಗೆ 60 ಜನ ಇದ್ದೇವೆ. ಕಾರ್ಮಿಕ ಸಂಘ ಮಾಡೋಣ ಅಂದರೆ ಹೆಸರು ಕೊಡಲು ಎಲ್ಲರಿಗೂ ಭಯ. ಹೊಸ ಕಾನೂನಿನಲ್ಲಿ ಇದು ಸುಲಭವಾಗಿದೆಯೇ?

ಉತ್ತರ: ನೋಂದಣಿ ಅಂಥ ಕಷ್ಟದ್ದಲ್ಲ, ಅದರ ಮುಂದಿನದ್ದೇ ಕಷ್ಟ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅರ್ಜಿಗೆ 7 ಜನ ಸಹಿ ಹಾಕಿದರೆ ಸಾಕು. ಆದರೆ ಆ ದಿನಕ್ಕೆ ಒಟ್ಟು ಕೆಲಸಗಾರರಲ್ಲಿ ಶೇ 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ನಿಮ್ಮಲ್ಲಿ ಗುತ್ತಿಗೆಯವರನ್ನೂ ಸೇರಿಸಿ ಲೆಕ್ಕ ಹಾಕಿ: 200ಕ್ಕೆ 20. ನೋಂದಣಿ ಆದ ಮೇಲೂ ಈ ಸಂಖ್ಯೆಯಿಂದ ಕೆಳಗಿಳಿದರೆ ರಿಜಿಸ್ಟ್ರಾರ್ ರದ್ದು ಮಾಡಬಹುದು. ಹಾಗಾಗಿ 20ಕ್ಕೇ ನಿಲ್ಲಬೇಡಿ, 40 ಆದ ಮೇಲೆ ಅರ್ಜಿ ಹಾಕಿ. ನಾಲ್ಕು ಜನರನ್ನು ಹೆದರಿಸಿ ಬಿಡಿಸಿದರೂ ಆಗ ಸಂಘ ಉಳಿಯುತ್ತದೆ.

ಅರ್ಜಿಯ ಜೊತೆ ಅಫಿಡವಿಟ್, ನಿಯಮಾವಳಿ, ಅದನ್ನು ಒಪ್ಪಿದ ಸಭೆಯ ಠರಾವು, ಅರ್ಜಿ ಹಾಕಲು ಆ 7 ಜನರಿಗೆ ಅಧಿಕಾರ ಕೊಟ್ಟ ಠರಾವು, ಪದಾಧಿಕಾರಿಗಳ ಹೆಸರು, ವಯಸ್ಸು, ವಿಳಾಸ, ಉದ್ಯೋಗ ಇರಬೇಕು. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಸಣ್ಣ ತಪ್ಪುಗಳಿಂದ. ಹಾಜರಿ ಪುಸ್ತಕದಲ್ಲಿ ‘ಮಂಜ’, ಆಧಾರ್‌ನಲ್ಲಿ ‘ಮಂಜುನಾಥ’, ಸಹಿ ಮಾಡಿದ್ದು ‘ಮಂಜಪ್ಪ’ ಅಂತಿದ್ದರೆ ಮೂವರೂ ಒಬ್ಬನೇ ಎಂದು ಸಾಬೀತು ಮಾಡುವಷ್ಟರಲ್ಲಿ ತಿಂಗಳು ಕಳೆಯುತ್ತದೆ. ಹಾಜರಿ ಪುಸ್ತಕದಲ್ಲಿರುವ ಹೆಸರನ್ನೇ ಬರೆಯಿರಿ, ಟೋಕನ್ ನಂಬರ್ ಸೇರಿಸಿ, ಚಂದಾ ರಸೀದಿಯ ಅರ್ಧಭಾಗ ಇಟ್ಟುಕೊಳ್ಳಿ. ಹೊರಗಿನವರನ್ನು ಪದಾಧಿಕಾರಿ ಮಾಡುವುದಾದರೆ ಒಟ್ಟು ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ 5 ಜನ, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಕಾರ್ಮಿಕ ಇಲಾಖೆಗೆ ಏನೇ ಕೊಟ್ಟರೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಇನ್ನು ಮಾಲೀಕರು ಮಾತಿಗೆ ಕೂರುವ ವಿಷಯ. ಕಾರ್ಖಾನೆಯಲ್ಲಿ ಒಂದೇ ಸಂಘವಿದ್ದರೆ, ನಿಯಮಗಳಲ್ಲಿ ಹೇಳಿದ ಮಾನದಂಡಕ್ಕೆ ಒಳಪಟ್ಟು ಅದಕ್ಕೇ ಮಾನ್ಯತೆ. ಎರಡಿದ್ದರೆ ಮಸ್ಟರ್ ರೋಲ್‌ನಲ್ಲಿ (ಹಾಜರಿ ಪಟ್ಟಿಯಲ್ಲಿ) ಇರುವವರ ಶೇ 51 ಬೆಂಬಲ ಬೇಕು. ಕಾಯಂನವರನ್ನಷ್ಟೇ ಹಿಡಿದರೂ 72 ಜನ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20 ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿದ ಮಾತುಕತೆ ಮಂಡಳಿ. ನಿಮ್ಮ ಸಂಘ ಎದ್ದ ಕೂಡಲೇ ಮಾಲೀಕರ ಕಡೆಯ ಇನ್ನೊಂದು ಸಂಘ ಹುಟ್ಟಿದರೆ ಆಶ್ಚರ್ಯಪಡಬೇಡಿ. ಮಾಲೀಕರೇ ಸಂಘ ಹುಟ್ಟಿಸುವುದು, ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ಎರಡೂ ಸಂಹಿತೆಯ ಎರಡನೇ ಅನುಸೂಚಿಯ ಪ್ರಕಾರ ಅನುಚಿತ ಕಾರ್ಮಿಕ ಪದ್ಧತಿ. ದಂಡ 10 ಸಾವಿರದಿಂದ 2 ಲಕ್ಷ.

ಕಾನೂನು ಇನ್ನೂ ಸಡಿಲವಾಗಬೇಕು ಅನ್ನುವುದು ಇಲ್ಲೇ. ಮಹಾರಾಷ್ಟ್ರದ 1971ರ ಕಾಯ್ದೆ ಹಿಂದಿನ 6 ತಿಂಗಳು ಶೇ 30 ಸದಸ್ಯತ್ವ ಇದ್ದರೆ ಮಾನ್ಯತೆಗೆ ದಾರಿ ಮಾಡಿತ್ತು. ಕೇರಳದ 2010ರ ಕಾಯ್ದೆಯಲ್ಲಿ ಗುಪ್ತ ಮತದಾನವಿದೆ. ಭದ್ರಾವತಿಯಂಥ ಸಾವಿರಾರು ಜನರ ಕಾರ್ಖಾನೆಯಲ್ಲಿ ಒಂದು ಸಹಿ ಗುಂಪಿನಲ್ಲಿ ಮರೆಯಾಗುತ್ತಿತ್ತು. 140 ಜನರ ಫೌಂಡ್ರಿಯಲ್ಲಿ ಯಾವ ಸಹಿ ಯಾರದ್ದೆಂದು ಸೂಪರ್‌ವೈಸರ್‌ಗೆ ನೋಡಿದರೇ ಗೊತ್ತಾಗುತ್ತದೆ. ಗುಪ್ತ ಮತ ಇಲ್ಲದೆ ಅಲ್ಲಿ ಶೇ 51 ತೋರಿಸು ಅನ್ನುವುದು ನ್ಯಾಯವಲ್ಲ.

ಪ್ರಶ್ನೆ: ಅರ್ಜಿ ತಡವಾದರೆ ಒಂದು ದಿನ ಎಲ್ಲರೂ ಸಾಂದರ್ಭಿಕ ರಜೆ ಹಾಕಬಹುದೇ?

ಉತ್ತರ: ಬೇಡ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಒಗ್ಗೂಡಿ ಹೀಗೆ ರಜೆ ಹಾಕಿದರೆ ಅದೂ ಮುಷ್ಕರವೇ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ತಪ್ಪಿದರೆ ತಲಾ 1 ಸಾವಿರದಿಂದ 10 ಸಾವಿರ ದಂಡ, ಇಲ್ಲವೇ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲೀಕರ ಅನುಚಿತ ಪದ್ಧತಿಗೆ ಮೊದಲ ಸಲ ಬರೀ ದಂಡ, ಕೆಲಸಗಾರನ ತಪ್ಪಿಗೆ ಮೊದಲ ಸಲವೇ ಜೈಲು! ಅದರ ಬದಲು ಬಾಕಿ ಅರ್ಜಿಯ ಬಗ್ಗೆ ಕಾರ್ಮಿಕ ಅಧಿಕಾರಿಗೆ 15 ದಿನಕ್ಕೊಮ್ಮೆ ಬರವಣಿಗೆಯಲ್ಲಿ ಕೇಳುತ್ತಿರಿ.