ಮಾರು, ಮೊಳ, ಗೇಣು: ಜೇಡರ ಹುಳದ ಅಂಜಿಕೆಗೆ ಒಂದು ಅಳತೆ

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರಗಳು. ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯಲ್ಲಿ. ಆರು ವರ್ಷಗಳ ಹಿಂದೆ ಮದುವೆಯಾಗಿ ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ಚಿಕ್ಕಂದಿನಿಂದಲೂ ಜೇಡರ ಹುಳ ಕಂಡರೆ ನನಗೆ ಅಂಜಿಕೆ. ಇಲ್ಲಿ ಜಂತಿಯ ಸಂದಿಯಲ್ಲಿ, ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ, ಬಚ್ಚಲಲ್ಲಿ, ಎಲ್ಲಿ ನೋಡಿದರೂ ಅವೇ ಇರುವುದರಿಂದ ಮನೆಯೊಳಗೆ ಓಡಾಡುವುದೇ ಕಷ್ಟವಾಗಿದೆ. ಅಂಗೈಯಗಲದ ಕಂದು ಬಣ್ಣದ ಹುಳವೊಂದು ಹೊಟ್ಟೆಯ ಕೆಳಗೆ ಬಿಳಿಯ ಬಿಲ್ಲೆಯಂಥದ್ದನ್ನು ಹಿಡಿದುಕೊಂಡು ಬಚ್ಚಲ ಗೋಡೆಯ ಮೇಲೆ ಕೂತಿದ್ದನ್ನು ಕಂಡ ಮೇಲೆ, ಕತ್ತಲಾದ ನಂತರ ನಾನು ಒಬ್ಬಳೇ ಅಲ್ಲಿಗೆ ಹೋಗಿಲ್ಲ. ಅತ್ತೆಯವರು, "ಹುಲಿಗೆ ಅಂಜೂದು ಕೇಳೀನಿ, ಹುಳಕ್ಕ ಅಂಜೂದು ಇಲ್ಲೇ ನೋಡಿದೆ" ಎನ್ನುತ್ತಾರೆ. ಕಳೆದ ಮಹಾನವಮಿಯ ಮುಂಚೆ ಮನೆ ಸ್ವಚ್ಛ ಮಾಡುವಾಗ ಮೈದುನ ಸತ್ತ ಜೇಡವೊಂದನ್ನು ಕಸಬರಿಗೆಯ ತುದಿಯಲ್ಲಿ ತಂದು ನನ್ನ ಸೆರಗಿನ ಮೇಲೆ ಹಾಕಿದ. ಅಂಜಿಕೆ ಬಿಡಿಸಲೆಂದೇ ಹಾಗೆ ಮಾಡಿದನಂತೆ. ಅಂದಿನಿಂದ ನಿದ್ದೆಯಲ್ಲೂ ಬೆಚ್ಚಿ ಏಳುತ್ತೇನೆ. ಈಗ ನಾಲ್ಕು ವರ್ಷದ ಮಗಳೂ ಜೇಡ ಕಂಡರೆ ಚೀರತೊಡಗಿದ್ದಾಳೆ. ಇದಕ್ಕೆ ಏನಾದರೂ ಪರಿಹಾರವಿದೆಯೇ?
(ಹೆಸರು ಬೇಡ, ಬಾಗಲಕೋಟೆ ಜಿಲ್ಲೆ)

ಉತ್ತರ: ಪರಿಹಾರವಿದೆ ತಂಗಿ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬರುವ ನಾನಾ ಬಗೆಯ ಭಯಗಳಲ್ಲಿ, ಸರಿಯಾದ ರೀತಿಯಲ್ಲಿ ಎದುರಿಸಿದರೆ ಚೆನ್ನಾಗಿ ಸಡಿಲಗೊಳ್ಳುವುದು ಈ ಬಗೆಯದೇ. ನಿಮ್ಮ ಅಂಜಿಕೆ ಸೋಗೂ ಅಲ್ಲ, ಪೇಟೆಯ ಹುಡುಗಿಯ ನಾಜೂಕೂ ಅಲ್ಲ. ಒಂದು ಪ್ರಾಣಿಯನ್ನೋ ವಸ್ತುವನ್ನೋ ಕುರಿತ ಭಯವು ಆರು ತಿಂಗಳಿಗೂ ಮೇಲ್ಪಟ್ಟು ಉಳಿದುಕೊಂಡು ದಿನದ ಬದುಕಿಗೆ ಅಡ್ಡ ಬರತೊಡಗಿದರೆ, ಅದನ್ನು ವೈದ್ಯಶಾಸ್ತ್ರವು ಆರೈಕೆ ಬೇಕಾದ ತೊಂದರೆಯೆಂದೇ ಪರಿಗಣಿಸುತ್ತದೆ. ಕತ್ತಲಾದ ಮೇಲೆ ನಿಮ್ಮದೇ ಮನೆಯ ಬಚ್ಚಲಿಗೆ ಒಬ್ಬರೇ ಹೋಗಲಾಗದಿರುವುದು ಅಂಥ ಅಡ್ಡಿಯೇ ಸರಿ. ಈ ಮಾತನ್ನು ಅತ್ತೆಯವರಿಗೂ ಓದಿ ಹೇಳಿರಿ.

ಮೈದುನನಿಗೂ ಒಂದು ಮಾತು ಹೇಳಬೇಕಿದೆ. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ ಎಂದು ನಾನು ನಂಬುತ್ತೇನೆ, ಆದರೆ ಮಾಡಿದ್ದು ತಪ್ಪು. ಅಂಜುವವರ ಮೇಲೆ ಅಂಜಿಕೆಯ ವಸ್ತುವನ್ನು ಹೇಳದೆ ಕೇಳದೆ ಎಸೆದರೆ, "ನಾನು ಸದಾ ಎಚ್ಚರವಿರಬೇಕು, ಅದು ಯಾವ ಕ್ಷಣದಲ್ಲಾದರೂ ಮೈಮೇಲೆ ಬಂದೀತು" ಎಂಬುದನ್ನೇ ಅವರ ಮನಸ್ಸು ಕಲಿಯುತ್ತದೆ. ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ನಿಮ್ಮ ಸೆರಗಿನ ಮೇಲೆ ಬಿದ್ದಿದ್ದ ಆ ಹುಳ ಬಟ್ಟೆಯನ್ನು ಹಿಡಿದುಕೊಂಡಂತೆ ನಿಮಗೆ ಕಂಡಿರಬಹುದು. ಜೇಡವು ತನ್ನ ಕಾಲುಗಳನ್ನು ಮಡಚುವುದು ಸ್ನಾಯುಗಳಿಂದ, ಆದರೆ ಮುಖ್ಯ ಕೀಲುಗಳಲ್ಲಿ ಅವನ್ನು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಸತ್ತಾಗ ಆ ಒತ್ತಡ ಇಳಿಯುವುದರಿಂದ ಕಾಲುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ. ಅದು ಯಾವುದನ್ನೂ ಹಿಡಿದಿರಲಿಲ್ಲ ತಂಗಿ.

ಬಚ್ಚಲ ಗೋಡೆಯ ಮೇಲೆ ನೀವು ಕಂಡದ್ದು, ನಿಮ್ಮ ವರ್ಣನೆಯ ಪ್ರಕಾರ, ಬಲೆ ಕಟ್ಟದೆ ರಾತ್ರಿ ಹೊತ್ತು ಜಿರಲೆಗಳನ್ನು ಬೇಟೆಯಾಡಿ ತಿನ್ನುವ ಜಾತಿಯ ಹೆಣ್ಣು ಜೇಡ. ಆ ಬಿಳಿಯ ಬಿಲ್ಲೆ ಅದರ ಮೊಟ್ಟೆಯ ಚೀಲ. ತಾನೇ ನೂಲು ತೆಗೆದು ಹೆಣೆದ ಆ ಚೀಲವನ್ನು ಮರಿಗಳಾಗುವವರೆಗೂ ಅದು ಹೊಟ್ಟೆಯ ಕೆಳಗೆ ಹೊತ್ತುಕೊಂಡೇ ತಿರುಗುತ್ತದೆ. ಅದರ ಮೈ ಚಪ್ಪಟೆಯಾಗಿರುವುದು ಕಲ್ಲು, ಕಟ್ಟಿಗೆಗಳ ಸಂದಿಯಲ್ಲಿ ತೂರಿಕೊಳ್ಳಲಿಕ್ಕೆ. ದೀಪ ಹಾಕಿದಾಗ ಅದು ಏಡಿಯಂತೆ ಅಡ್ಡಡ್ಡ ಓಡಿದರೆ, ಅದು ಅವಿತುಕೊಳ್ಳಲು ಜಾಗ ಹುಡುಕುತ್ತಿದೆ ಎಂದು ತಿಳಿಯಿರಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಕಚ್ಚೀತು, ಕಚ್ಚಿದರೆ ಕೆಲ ಹೊತ್ತು ಉರಿದೀತು. ಜಂತಿಯ ಮೂಲೆಯಲ್ಲಿ ನೂಲಿನಂಥ ಉದ್ದ ಕಾಲುಗಳಿಂದ ತಲೆಕೆಳಗಾಗಿ ನೇತಾಡುವ ಇನ್ನೊಂದು ಜಾತಿಯನ್ನು ಮುಟ್ಟಿದರೆ, ಅದು ಕಣ್ಣಿಗೆ ಮಸುಕಾಗಿ ಕಾಣುವಷ್ಟು ವೇಗವಾಗಿ ಬಲೆಯ ಮೇಲೆ ಅಲುಗಾಡುತ್ತದೆ. ಎಷ್ಟೋ ಜನ ಅದನ್ನು ಸಿಟ್ಟು ಎಂದುಕೊಳ್ಳುತ್ತಾರೆ, ಆದರೆ ಅದು ವೈರಿಯ ಕಣ್ಣು ತಪ್ಪಿಸಲು ಹೂಡುವ ಉಪಾಯ. ಹೆಚ್ಚುಕಡಿಮೆ ಎಲ್ಲ ಜೇಡಗಳಲ್ಲೂ ಬೇಟೆಯನ್ನು ಸುಮ್ಮನಾಗಿಸುವ ವಿಷವಿರುವುದು ನಿಜ, ಆದರೆ ನಮ್ಮ ಮನೆಗಳ ಗೋಡೆ, ಜಂತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಜಾತಿಗಳಿಂದ ಮನುಷ್ಯರ ಪ್ರಾಣಕ್ಕೆ ಅಪಾಯವಿಲ್ಲ.

ಇಷ್ಟನ್ನು ತಿಳಿದ ಮಾತ್ರಕ್ಕೆ ಅಂಜಿಕೆ ಹೋಗುವುದಿಲ್ಲ ಎಂಬುದು ನನಗೆ ಗೊತ್ತು. ತಲೆಗೆ ತಿಳಿದದ್ದು ಎದೆಗೆ ಇಳಿಯಲು ಬೇರೆಯೇ ದಾರಿ ಬೇಕು. ಜೇಡ ಕಂಡಕೂಡಲೇ ನೀವು ಓಡಿ ಹೊರಗೆ ಬರುತ್ತೀರಿ, ಎದೆಬಡಿತ ಇಳಿಯುತ್ತದೆ, ಜೀವಕ್ಕೆ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಮುಂದಿನ ಸಲ ಇನ್ನೂ ಬೇಗ ಓಡುವಂತೆ ಮಾಡುತ್ತದೆ. ಅಲ್ಲಿಯೇ ನಿಂತಿದ್ದರೂ ಎದೆಬಡಿತ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತಿತ್ತು ಎಂಬುದನ್ನು ಕಂಡುಕೊಳ್ಳುವ ಅವಕಾಶವೇ ನಿಮಗೆ ಇಷ್ಟು ವರ್ಷ ಸಿಕ್ಕಿಲ್ಲ. ಆ ಅವಕಾಶವನ್ನು ತೀರ ದೂರದಿಂದ ಆರಂಭಿಸಿ, ನಿಮ್ಮದೇ ಹಿಡಿತದಲ್ಲಿ ಒದಗಿಸಿಕೊಳ್ಳುವುದೇ ಚಿಕಿತ್ಸೆ.

1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಚಿಕ್ಕ ಹುಡುಗನ ವಿಷಯವನ್ನು ಬರೆದರು. ಹುಡುಗ ತನಗಿಷ್ಟವಾದ ತಿನಿಸು ತಿನ್ನುತ್ತ ಕೂತಿದ್ದಾಗ ಪಂಜರದಲ್ಲಿದ್ದ ಮೊಲವನ್ನು ಅವನಿಗೆ ತೊಂದರೆಯಾಗದಷ್ಟು ದೂರದಲ್ಲಿ ಇಟ್ಟರು. ದಿನ ಕಳೆದಂತೆ ಅದನ್ನು ಸ್ವಲ್ಪ ಸ್ವಲ್ಪವೇ ಹತ್ತಿರಕ್ಕೆ ತಂದರು. ಕೊನೆಗೆ ಅವನೇ ಮೊಲದ ಮೈ ಸವರುವಂತಾದ. 1958ರಲ್ಲಿ ಜೋಸೆಫ್ ವೋಲ್ಪೆ ಎಂಬ ವೈದ್ಯರು ಭಯದ ಸಂಗತಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿಕೊಂಡು ಏರುವ ಕ್ರಮವನ್ನು ವಿವರವಾಗಿ ಬರೆದರು. ಇಂದಿಗೂ ನಾವು ನಡೆಯುವ ದಾರಿಯ ಬುಡ ಅಲ್ಲಿದೆ.

ನಿಮ್ಮ ಮನೆಯಲ್ಲಿ ಅದನ್ನು ಹೀಗೆ ಮಾಡಬಹುದು. ಮೊದಲು ಕಾಗದದ ಮೇಲೆ ನೀವೇ ಒಂದು ಜೇಡವನ್ನು ಬರೆಯಿರಿ, ಎಂಟು ಕಾಲುಗಳನ್ನು ಎಣಿಸಿ ಬರೆಯಿರಿ. ಆಗಿನ ಅಂಜಿಕೆಗೆ ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಟ್ಟು, ಅದು ಅರ್ಧಕ್ಕೆ ಇಳಿಯುವವರೆಗೂ ಚಿತ್ರವನ್ನು ನೋಡುತ್ತಿರಿ. ಎರಡು ಮೂರು ದಿನಗಳಲ್ಲಿ ಅದು ಸಪ್ಪೆಯೆನಿಸಿದ ಮೇಲೆ ಫೋಟೊ ನೋಡಿರಿ. ಆಮೇಲೆ ನಿಮ್ಮ ಯಜಮಾನರು ಜಂತಿಯ ಮೂಲೆಯ ಉದ್ದಕಾಲಿನ ಜೇಡವೊಂದನ್ನು ಮುಚ್ಚಳವಿರುವ ಗಾಜಿನ ಭರಣಿಗೆ ಹಾಕಿಕೊಂಡು ಬಂದು ಪಡಸಾಲೆಯ ಆ ತುದಿಗೆ ಇಡಲಿ. ನಿಮ್ಮಿಂದ ಭರಣಿಗೆ ಎರಡು ಮಾರು ಇರಲಿ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಮಾರಿಗೆ, ಒಂದು ಮೊಳಕ್ಕೆ, ಒಂದು ಗೇಣಿಗೆ ಗೆರೆ ಎಳೆದುಕೊಳ್ಳಿ. ಭರಣಿಯನ್ನು ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಸುವ ಮಾತು ನಿಮ್ಮ ಬಾಯಿಂದಲೇ ಬರಬೇಕು, ನೀವು ಹೇಳದೆ ಯಾರೂ ಅದಕ್ಕೆ ಕೈ ಹಚ್ಚಕೂಡದು. ಅಂಜಿಕೆ ಏರಿದ ಹೊತ್ತಿನಲ್ಲಿ ಎದ್ದು ಹೋಗಬೇಡಿ; ತಡೆಯಲಾಗದಿದ್ದರೆ ಒಂದು ಗೆರೆ ಹಿಂದಕ್ಕೆ ಸರಿಸಿ ಕೂತುಕೊಳ್ಳಿ. ಒಂದೇ ದಿನದಲ್ಲಿ ಗೇಣಿಗೆ ಬರುವ ಹಟವೂ ಬೇಡ. ಪ್ರತಿದಿನ ಆ ದಿನದ ಮಟ್ಟಿಗೆ ಮುಗಿದ ಮೇಲೆ ಜೇಡವನ್ನು ಹಿತ್ತಲಿಗೆ ಬಿಟ್ಟುಬಿಡಲಿ.

ಕೆಲವು ವರ್ಷಗಳ ಹಿಂದೆ ಗುಳೇದಗುಡ್ಡದ ಕಡೆಯ ನೇಕಾರ ಹೆಣ್ಣುಮಗಳೊಬ್ಬರು ಇದೇ ತೊಂದರೆ ಹೇಳಿಕೊಂಡು ಬಂದಿದ್ದರು. ಕುಣಿಮಗ್ಗದಲ್ಲಿ ಕೂರುವವರು ಕಾಲುಗಳನ್ನು ನೆಲದೊಳಗಿನ ಕುಣಿಗೆ ಇಳಿಬಿಟ್ಟು, ಕಣ್ಣಿಗೆ ಕಾಣದ ಕತ್ತಲಲ್ಲಿ ಕೆಳಗಿನ ತುಳಿಗೆಗಳನ್ನು ತುಳಿಯಬೇಕಷ್ಟೆ. ಆ ಕುಣಿಯಲ್ಲಿ ಜೇಡವಿದ್ದೀತು ಎಂಬ ಒಂದೇ ಯೋಚನೆಗೆ ಅವರು ಖಣ ನೇಯುವುದನ್ನೇ ನಿಲ್ಲಿಸಿದ್ದರು. ಮೊದಲ ದಿನ ಭರಣಿಯನ್ನು ಕೋಣೆಯ ಇನ್ನೊಂದು ಗೋಡೆಗೆ ಇಟ್ಟಾಗ ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆಯುತ್ತ ಕೂತಿದ್ದರು. ಹೇಳಿದ ಅಂಕ ತೊಂಬತ್ತು. ಮೂರನೆಯ ಸಲ ಭರಣಿ ಒಂದು ಮೊಳದ ದೂರದಲ್ಲಿತ್ತು. ಬಹಳ ಹೊತ್ತು ಏನೂ ಮಾತಾಡದೆ ನೋಡುತ್ತಿದ್ದವರು ಒಮ್ಮೆಲೇ ಮುಂದಕ್ಕೆ ಬಾಗಿ, "ಇದರ ಕಾಲಿಗೆ ಪಟ್ಟಿ ಅದಾವಲ್ಲರೀ ಅಕ್ಕಾರ, ಒಂದು ಬಿಟ್ಟು ಒಂದು ಕರೇದು, ದಡಿ ಹಾಕಿದ್ಹಂಗ" ಎಂದರು. ಅದುವರೆಗೆ ಹೊಸೆಯುತ್ತಿದ್ದ ಸೆರಗು ಕೈಯಿಂದ ಜಾರಿತ್ತು. ಅಂಕ ಕೇಳಿದೆ, ಮೂವತ್ತು ಎಂದರು. ಆ ಸಂಜೆ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಅವರಿಗೆ ಜೇಡದ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ. ಬೆಳಿಗ್ಗೆ ಕುಣಿಗೆ ಒಮ್ಮೆ ಬ್ಯಾಟರಿ ಬಿಟ್ಟು ನೋಡಿ, ಕಾಲಿಳಿಸಿ, ಲಾಳಿ ಎಸೆಯಲು ಶುರು ಮಾಡಿದರು, ಅಷ್ಟೇ.

ಮಗಳ ವಿಷಯದಲ್ಲಿ ತಡಮಾಡಬೇಡಿ. ಮಕ್ಕಳು ಯಾವುದಕ್ಕೆ ಅಂಜಬೇಕೆಂಬುದನ್ನು ತಾಯಿಯ ಮುಖ ನೋಡಿ ಕಲಿಯುತ್ತಾರೆ. ನಿಮಗೆ ಅಂಜಿಕೆಯೇ ಇಲ್ಲವೆಂದು ಅವಳ ಮುಂದೆ ನಟಿಸುವುದು ಬೇಡ, ಮಕ್ಕಳಿಗೆ ಅದು ಗೊತ್ತಾಗುತ್ತದೆ. "ಅವ್ವಗ ಸ್ವಲ್ಪ ಅಂಜಿಕಿ ಐತಿ, ಅದಕ್ಕ ದೂರಿಂದ ನೋಡಾಕತ್ತೀನಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ನೀವು ಚಿತ್ರ ಬರೆಯುವಾಗ ಅವಳೂ ಪಕ್ಕದಲ್ಲಿ ಕೂತು ಬರೆಯಲಿ. ಅಂಜದೆ ಜೇಡವನ್ನು ನೋಡುವ ಅಜ್ಜಿಯ ಕೈಹಿಡಿದು ಜಂತಿಯ ಮೂಲೆಯನ್ನು ನೋಡಿದರೆ ಇನ್ನೂ ಒಳ್ಳೆಯದು. ಹಾಗೆ ಮಾಡುವುದರಿಂದ ಅತ್ತೆಯವರಿಗೂ ಈ ಕೆಲಸದಲ್ಲಿ ಗೌರವದ ಪಾಲು ಸಿಗುತ್ತದೆ.

ಮೂರು ನಾಲ್ಕು ವಾರ ಪ್ರಯತ್ನಿಸಿದರೂ ಅಂಕ ಇಳಿಯದಿದ್ದರೆ, ಅಥವಾ ನಿದ್ದೆ ಕೆಡುವುದು ಮುಂದುವರಿದರೆ, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗೆ ಅಥವಾ ನಿಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿರಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು; ಅದಕ್ಕೆ ಹಣ ಕೊಡಬೇಕಿಲ್ಲ. ಈ ಬಗೆಯ ಭಯಕ್ಕೆ ವರ್ಷಗಟ್ಟಲೆ ಅಲೆದಾಟ ಬೇಕೆಂದು ಹೆದರಬೇಡಿ. ಸ್ವೀಡನ್ನಿನ ಲಾರ್ಸ್ ಗೋರಾನ್ ಓಸ್ಟ್ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿ ವಿವರಿಸಿದ ಕ್ರಮದಲ್ಲಿ, ತಜ್ಞರು ಜೊತೆಗೆ ಕೂತು ಹೆಚ್ಚೆಂದರೆ ಮೂರು ಗಂಟೆಯ ಒಂದೇ ಬೈಠಕ್ಕಿನಲ್ಲಿ ಇದೇ ಮೆಟ್ಟಿಲುಗಳನ್ನು ಏರಿಸುತ್ತಾರೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ವಿದ್ಯಾರ್ಥಿ. ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಎದ್ದಾಗ ಕುತ್ತಿಗೆಯ ಮೇಲೆ ಗೆರೆ ಎಳೆದಂತೆ ಕೆಂಪಾಗಿ, ಉರಿದು, ಗುಳ್ಳೆಗಳೆದ್ದಿದ್ದವು. ಜೇಡ ಹರಿದು ಮೂತ್ರ ಮಾಡಿದೆ ಎಂದು ಎಲ್ಲರೂ ಹೇಳಿದರು. ಅಂದಿನಿಂದ ಕೋಣೆಯಲ್ಲಿ ಜೇಡ ಕಂಡರೆ ನಿದ್ದೆ ಬರುವುದಿಲ್ಲ.

ಉತ್ತರ: ತಮ್ಮಾ, ಈ ಆರೋಪ ಜೇಡದ ಮೇಲೆ ತಲೆತಲಾಂತರದಿಂದ ಬಂದಿದೆ, ಆದರೆ ಅದು ನಿಜವಲ್ಲ. ಜೇಡದ ಮೂತ್ರದಿಂದ ಚರ್ಮಕ್ಕೆ ಗುಳ್ಳೆ ಬರುವುದಿಲ್ಲ. ನೀನು ಬರೆದ ಲಕ್ಷಣಗಳು ಹೆಚ್ಚಾಗಿ ಹೊಂದುವುದು ಪೆಡೆರಸ್ ಎಂಬ ಜಾತಿಯ ಸಣ್ಣ ದುಂಬಿಗೆ. ಒಂದು ಸೆಂಟಿಮೀಟರಿಗಿಂತ ಕಡಿಮೆ ಉದ್ದದ, ಇರುವೆಯಂತೆ ಕಾಣುವ, ಕೆಂಪು ಮತ್ತು ಕಪ್ಪು ಭಾಗಗಳು ಒಂದರ ಹಿಂದೊಂದು ಇರುವ ಈ ಹುಳ ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ನಿದ್ದೆಗಣ್ಣಿನಲ್ಲಿ ನಾವು ಅದನ್ನು ಚರ್ಮದ ಮೇಲೆ ಒರಸಿ ಜಜ್ಜಿದಾಗ ಮೈಯೊಳಗಿನ ಪೆಡೆರಿನ್ ಎಂಬ ರಾಸಾಯನಿಕ ಅಂಟಿಕೊಂಡು, ಒಂದೆರಡು ದಿನದೊಳಗೆ ಒರಸಿದ ಗುಂಟ ಗೆರೆಯಾಗಿ ಉರಿ ಏಳುತ್ತದೆ. ಮೈಮೇಲೆ ಕಂಡರೆ ಊದಿ ಹಾರಿಸು, ಜಜ್ಜಬೇಡ. ಜಜ್ಜಿಬಿಟ್ಟರೆ ಕೂಡಲೇ ಸೋಪು ಹಚ್ಚಿ ತೊಳೆ, ಆ ಕೈಯಿಂದ ಕಣ್ಣು ಮುಟ್ಟಿಕೊಳ್ಳಬೇಡ.

ಇನ್ನೊಂದು ಎಚ್ಚರಿಕೆಯ ಮಾತು ಇದೆ. ಎದೆಯ ಅಥವಾ ಸೊಂಟದ ಒಂದೇ ಬದಿಗೆ ಪಟ್ಟಿಯಂತೆ ಗುಳ್ಳೆಗಳೆದ್ದು ತೀವ್ರವಾಗಿ ನೋಯುತ್ತಿದ್ದರೆ ಅದು ಸರ್ಪಸುತ್ತು ಇರಬಹುದು. ಹಿಂದೆ ಚಿಕನ್‌ಪಾಕ್ಸ್ ತಂದಿದ್ದ ವೈರಸ್ಸು, ಅಂದರೆ ಅಮ್ಮ ಎಂದು ನಾವು ಕರೆಯುವ ಸೀತಾಳೆಯ ವೈರಸ್ಸು, ನರದಲ್ಲಿ ಅಡಗಿದ್ದು ಮತ್ತೆ ಎದ್ದಾಗ ಅದು ಬರುತ್ತದೆ. ಅದನ್ನೂ ಜೇಡದ ಲೆಕ್ಕಕ್ಕೆ ಹಾಕಿ ಮನೆಮದ್ದು ಹಚ್ಚುತ್ತ ಕೂರುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದರ ಔಷಧಿಯನ್ನು ಗುಳ್ಳೆ ಎದ್ದ ಮೂರು ದಿನಗಳೊಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ.

ಪ್ರಶ್ನೆ: ಇಷ್ಟೆಲ್ಲ ಏಕೆ, ತಿಂಗಳಿಗೊಮ್ಮೆ ಮನೆಗೆ ಕೀಟನಾಶಕ ಹೊಡೆಸಿದರೆ ಸಾಲದೇ? (ಬೆಳಗಾವಿಯ ಓದುಗರು)

ಉತ್ತರ: ಸಾಲದು. ಗೋಡೆಗೆ ಹೊಡೆದ ಔಷಧಿ ಅದರ ಮೇಲೆ ಮೈ ಎಳೆದುಕೊಂಡು ಹರಿಯುವ ಜಿರಲೆಗೆ ತಗಲುವಷ್ಟು, ಉದ್ದ ಕಾಲುಗಳ ಮೇಲೆ ನಿಂತು ನಡೆಯುವ ಜೇಡಕ್ಕೆ ತಗಲುವುದಿಲ್ಲ. ಜೇಡ ಬರುವುದು ಹುಳಗಳಿರುವ ಕಡೆಗೆ, ಹುಳಗಳು ಬರುವುದು ಬೆಳಕಿಗೆ. ಹೊರಬಾಗಿಲ ಬಿಳಿ ದೀಪವನ್ನು ತೆಗೆದು ಹಳದಿ ಬೆಳಕಿನದನ್ನು ಹಾಕಿರಿ, ಬಚ್ಚಲ ಕಿಟಕಿಗೆ ಜಾಳಿಗೆ ಬಡಿಸಿರಿ, ಕಟ್ಟಿಗೆ ಮತ್ತು ಕುಳ್ಳುಗಳನ್ನು ಗೋಡೆಗೆ ತಾಗದಂತೆ ಹೊರಗೆ ಒಟ್ಟಿರಿ. ಒಳಗೆ ಬಂದ ಒಂದನ್ನು ಹೊರಗೆ ಕಳಿಸಬೇಕಿದ್ದರೆ ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಹಳೆಯ ಲಗ್ನಪತ್ರಿಕೆಯಂಥ ದಪ್ಪ ಕಾಗದವನ್ನು ಗೋಡೆಗೂ ಲೋಟಕ್ಕೂ ನಡುವೆ ಮೆಲ್ಲಗೆ ತೂರಿಸಿ, ಎರಡನ್ನೂ ಒತ್ತಿ ಹಿಡಿದು ಹಿತ್ತಲಿನವರೆಗೆ ಒಯ್ಯಿರಿ. ಮೊದಲ ಸಲ ಅಂಜದವರು ಯಾರಾದರೂ ಮಾಡಲಿ, ಅಂಜುವವರು ಬಾಗಿಲು ತೆರೆದು ಹಿಡಿಯಲಿ.