ದುಬೈಯಿಂದ ಬಂದ ಹಳೆಯ ಎಲೆಕ್ಟ್ರಿಕ್ ಒಲೆಗೆ 16 ಆಂಪಿಯರ್ ಪ್ಲಗ್ ಹಾಕಬಹುದೇ?

ಡೊಂಬಿವಲಿಯ ಹಳೇ ಬಿಲ್ಡಿಂಗಿನಲ್ಲಿ ಸ್ವಂತ ಫ್ಲ್ಯಾಟು, ದುಬೈ ಬಿಟ್ಟು ಬಂದವರಿಂದ ಕೊಂಡ ನಾಲ್ಕು ಪ್ಲೇಟಿನ ಒಲೆ, ಕೆಳಗೆ ಓವನ್, ಹಿಂದಿನ ತಗಡಿನ ಮೇಲೆ 7.4 ಕಿಲೋವ್ಯಾಟ್ ಅಂತ ಅಚ್ಚು, ವೈರಿನ ತುದಿಯಲ್ಲಿ ಪ್ಲಗ್ ಇಲ್ಲ. ಗೀಸರಿಗೆ ಹಾಕುವಂಥ 16 ಆಂಪಿಯರ್ ಪ್ಲಗ್ ಸಿಕ್ಕಿಸಿಕೊಂಡರೆ ಆಗುತ್ತದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಇಷ್ಟು ದೊಡ್ಡ ಒಲೆಗೆ ಪ್ಲಗ್ ಕೊಟ್ಟೇ ಇರುವುದಿಲ್ಲ, ಅದಕ್ಕೆಂದೇ ಎಳೆದ ಲೈನಿಗೆ ನೇರವಾಗಿ ಕಟ್ಟಬೇಕು. ಒಲೆ ನಿಮಗೆ ಸೋವಿಯಾಗಿ ಸಿಕ್ಕಿರಬಹುದು. ಖರ್ಚು ಇರುವುದು ಗೋಡೆಯ ಮೇಲೆ.

7400 ಅನ್ನು 230ರಿಂದ ಭಾಗಿಸಿದರೆ 32 ಆಂಪಿಯರ್ ಬರುತ್ತದೆ. ನಾಲ್ಕೂ ಪ್ಲೇಟು, ಓವನ್ ಎಲ್ಲ ಒಟ್ಟಿಗೆ ಉರಿಯುವುದು ಹಬ್ಬಕ್ಕೊಮ್ಮೆ ಅಲ್ಲವಾ ಅಂತ ಅನ್ನಿಸೀತು. ಆ ವಾದಕ್ಕೆ ಆಧಾರವೂ ಇದೆ: ಬ್ರಿಟನ್ನಿನ ವೈರಿಂಗ್ ಪದ್ಧತಿಯಲ್ಲಿ ಮನೆಯ ಎಲೆಕ್ಟ್ರಿಕ್ ಒಲೆಗೆ ಮೊದಲ 10 ಆಂಪಿಯರ್ ಪೂರ್ತಿ, ಉಳಿದದ್ದರಲ್ಲಿ ಶೇ 30 ಮಾತ್ರ ಹಿಡಿಯುತ್ತಾರೆ. ಹಾಗೆ ಲೆಕ್ಕ ಹಾಕಿದರೆ ನಿಮ್ಮ ಒಲೆ 17 ಆಂಪಿಯರ್ ಒಳಗೇ ನಿಲ್ಲುತ್ತದೆ. ಆದರೆ ಅದು ಲೋಡ್ ಅಂದಾಜು ಮಾಡುವವರ ಲೆಕ್ಕ. ಭಾನುವಾರ ನೆಂಟರು ಬಂದು ಮೂರು ಪ್ಲೇಟು ಒಂದೂವರೆ ಗಂಟೆ ಉರಿದಾಗ ಪ್ಲಗ್ಗಿನ ಪಿನ್ನು ಆ ಲೆಕ್ಕ ಕೇಳುವುದಿಲ್ಲ.

ಇನ್ನು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇದೆಯಲ್ಲ, ಬೀಳುತ್ತದೆ ಬಿಡಿ ಅನ್ನುವವರು ಬಹಳ. 16 ಆಂಪಿಯರ್ ಎಂಸಿಬಿ 17ಕ್ಕೆ ಬೀಳುವುದಿಲ್ಲ. ತನ್ನ ಅಂಕಿಯ 1.13 ಪಟ್ಟು ಕರೆಂಟು ಹರಿದರೆ ಒಂದು ಗಂಟೆಯಾದರೂ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದೇ ಅದಕ್ಕಿರುವ ಮಾನದಂಡ. ಅಂದರೆ 23 ಆಂಪಿಯರ್ ಹೋಗುತ್ತಿದ್ದರೂ ಅನ್ನ, ಸಾರು, ಪಲ್ಯ ಎಲ್ಲ ಆಗುವ ತನಕ ಅದು ಸುಮ್ಮನಿರಬಹುದು; ಅಷ್ಟರಲ್ಲಿ ಸಾಕೆಟ್ಟಿನ ಸುತ್ತ ಪ್ಲಾಸ್ಟಿಕ್ಕು ಕಂದಿರುತ್ತದೆ. ಆಮೇಲೆ ಪದೇ ಪದೇ ಬೀಳತೊಡಗಿದಾಗ ಯಾರೋ ಒಬ್ಬರು ಬಂದು 16 ತೆಗೆದು 32 ಕೂರಿಸಿ ಹೋಗುತ್ತಾರೆ. ಮುಂಬೈ ಸುತ್ತಿನ ಹಳೇ ಬಿಲ್ಡಿಂಗುಗಳಲ್ಲಿ ನಾನು ಅತಿ ಹೆಚ್ಚು ಕಂಡ ಅಪಾಯ ಇದೇ. ಎಂಸಿಬಿ ಇರುವುದು ಒಲೆಯನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಒಳಗೆ ಅದೇ 2.5 ಚದರ ಮಿ.ಮೀ. ವೈರು ಇಟ್ಟು ಮೇಲೆ 32 ಹಾಕಿದರೆ ಇನ್ನು ಮುಂದೆ ಫ್ಯೂಸ್ ಆಗುವುದು ಆ ವೈರೇ. ಹಳೇ ಕಿಟ್‌ಕ್ಯಾಟ್ ಫ್ಯೂಸ್ ಇರುವ ಮನೆಯಾದರೆ ದಪ್ಪ ತಂತಿ ಸುತ್ತಿ ಇದೇ ಕೆಲಸ ಮಾಡುತ್ತಾರೆ.

ಲೈನ್ ಎಳೆಸುವ ಮುಂಚೆ ಒಲೆಗೆ ಅಷ್ಟು ಯೋಗ್ಯತೆ ಇದೆಯಾ ನೋಡಿಕೊಳ್ಳಿ. ತಗಡಿನ ಮೇಲೆ 220–240 ವೋಲ್ಟ್, 50 ಹರ್ಟ್ಸ್ ಅಂತಿದ್ದರೆ ನಿಶ್ಚಿಂತೆ. ದುಬೈ, ಮಸ್ಕತ್, ಕುವೈತ್ ಕಡೆಯ ಒಲೆಗಳು ಹಾಗೇ ಇರುತ್ತವೆ. ಸೌದಿಯದಾದರೆ 60 ಹರ್ಟ್ಸ್ ಇರಬಹುದು. ಪ್ಲೇಟುಗಳಿಗೆ ಅದರಿಂದ ಏನೂ ಬಾಧೆಯಿಲ್ಲ, ಆದರೆ ಹಳೇ ಮಾದರಿಯ ಮೋಟಾರು ಗಡಿಯಾರ ಇದ್ದರೆ ಇಲ್ಲಿ ಗಂಟೆಗೆ ಐವತ್ತೇ ನಿಮಿಷ ಓಡುತ್ತದೆ. ಅಮೆರಿಕದ್ದಾದರೆ ಮುಟ್ಟಲೇಬೇಡಿ, ಅದರ ದೀಪ, ಟೈಮರು 120 ವೋಲ್ಟಿನವು, ಹಳೇ ಮೂರು ವೈರಿನ ಮಾದರಿಗಳಲ್ಲಿ ನ್ಯೂಟ್ರಲ್ಲನ್ನು ಒಲೆಯ ಮೈಗೇ ಕಟ್ಟಿರುತ್ತಾರೆ.

ಆಮೇಲೆ ಮಲ್ಟಿಮೀಟರು. 2000 ವ್ಯಾಟಿನ ಪ್ಲೇಟು 26 ಓಮ್ ಆಸುಪಾಸು, 1000 ವ್ಯಾಟಿನದು 53ರ ಆಸುಪಾಸು ತೋರಿಸಬೇಕು. ನಡುವೆ ಕೆಂಪು ಚುಕ್ಕೆ ಇರುವ ಎರಕದ ಪ್ಲೇಟು ಬೇಗ ಕಾಯುವ ಜಾತಿ, ಅದು ಹೆಚ್ಚು ಎಳೆಯುತ್ತದೆ. ಹಿಂದಿನ ಮುಚ್ಚಳ ಬಿಚ್ಚಿ ಟರ್ಮಿನಲ್ಲುಗಳನ್ನು ನೋಡಿ. ಒಂದು ಕರಕಲಾಗಿದ್ದರೆ ಬದಲಿಸಬಹುದು, ಎಲ್ಲ ಕಪ್ಪಾಗಿದ್ದರೆ ಗುಜರಿಗೆ ಕೊಟ್ಟುಬಿಡಿ. ಒಳಗಿನ ವೈರು ಬದಲಿಸುವಾಗ ಮನೆ ವೈರಿಂಗಿನ ಪಿವಿಸಿ ತುಂಡು ಹಾಕಲು ಬಿಡಬೇಡಿ, ಅದು ತಾಳುವುದು 70 ಡಿಗ್ರಿ. ಸಿಲಿಕೋನ್ ಅಥವಾ ಫೈಬರ್‌ಗ್ಲಾಸ್ ಹೊದಿಕೆಯದೇ ಬೇಕು.

ಕರೆಂಟು ಒಲೆಯ ಮೈಗೆ ಸೋರುತ್ತದಾ ಅಂತ ನೋಡುವ ಮೆಗ್ಗರ್ ಪರೀಕ್ಷೆಯನ್ನಂತೂ ಬಿಡುವ ಹಾಗಿಲ್ಲ. ಒಲೆಯನ್ನು ಎಲ್ಲಿಗೂ ಕಟ್ಟದೆ, ಸ್ವಿಚ್ಚುಗಳನ್ನೆಲ್ಲ ಆನ್ ಮಾಡಿ, ಫೇಸ್ ನ್ಯೂಟ್ರಲ್ ಎರಡನ್ನೂ ಸೇರಿಸಿ, ಅದಕ್ಕೂ ಲೋಹದ ಮೈಗೂ ನಡುವೆ 500 ವೋಲ್ಟಿನಲ್ಲಿ ಅಳೆಯಬೇಕು. ಒಂದು ಮೆಗಓಮ್‌ಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಓವನ್ನಿನ ಎಲಿಮೆಂಟೇ ಕಾರಣ. ಅದರ ಕೊಳವೆಯೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವ ಹೀರುತ್ತದೆ. ಹಡಗಿನಲ್ಲಿ ಬಂದು, ನಮ್ಮ ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಕೂತ ಒಲೆ ಒಣಗಿರುವುದಾದರೂ ಹೇಗೆ? ಹೀಗಾದಾಗ ಆನ್ ಮಾಡಿದ ಕೂಡಲೇ ಕರೆಂಟಿನ ಸೋರಿಕೆ ಹಿಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತದೆ, ಬಂದವನು ‘ಅರ್ಥಿಂಗ್ ತೆಗೆದುಬಿಡಿ, ಸರಿಹೋಗುತ್ತೆ’ ಅನ್ನುತ್ತಾನೆ. ಸರಿಹೋಗುವುದೂ ನಿಜ, ಏಕೆಂದರೆ ಸೋರುವ ಕರೆಂಟಿಗೆ ಆಗ ದಾರಿ ಇಲ್ಲ. ಒದ್ದೆ ಕೈಯಲ್ಲಿ ನೀವು ಒಲೆ ಮುಟ್ಟಿದಾಗ ದಾರಿ ಸಿಗುತ್ತದೆ. ಎಲಿಮೆಂಟ್ ಬಿಚ್ಚಿಸಿ ಒಣಗಿಸಿ ಮತ್ತೆ ಅಳೆಸಿ, ಏಳದಿದ್ದರೆ ಹೊಸದು ಹಾಕಿಸಿ.

ಇಷ್ಟು ಪಾಸಾದರೆ ಲೈನು. ಮೇನ್ ಬೋರ್ಡಿನಿಂದ ಒಲೆಯ ತನಕ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 6 ಚದರ ಮಿ.ಮೀ. ತಾಮ್ರದ ವೈರು, ನಡುವೆ ಜಾಯಿಂಟ್ ಇಲ್ಲದೆ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ 32 ಆಂಪಿಯರ್ ಡಬಲ್ ಪೋಲ್ (ಡಿಪಿ) ಎಂಸಿಬಿ, ಜೊತೆಗೆ 40 ಆಂಪಿಯರಿನ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅಡುಗೆಮನೆಯಲ್ಲಿ 32 ಆಂಪಿಯರ್ ಡಿಪಿ ಸ್ವಿಚ್, ಒಲೆಯ ಪಕ್ಕಕ್ಕೆ. ಒಲೆಯ ಮೇಲ್ಗಡೆ ಬೇಡ, ಕಾದ ಎಣ್ಣೆಯ ಮೇಲೆ ಕೈ ಚಾಚಿ ಆಫ್ ಮಾಡುವ ಹಾಗಿರಬಾರದು. ಮುಂಬೈನ ಲೋಹಾರ್ ಚಾಳಿಗೆ ಹೋದರೆ ವೈರು, ಸ್ವಿಚ್‌ಗೇರ್ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತದೆ. ಆದರೆ ಮೀಟರ್ ರೂಮಿನಿಂದ ನಿಮ್ಮ ಮನೆಗೆ ಬಂದಿರುವ ವೈರು ಎಷ್ಟು ದಪ್ಪ? ಹಳೇ ಕಟ್ಟಡಗಳಲ್ಲಿ ಅದೇ ಸಣಕಲು, ಕೆಲವೆಡೆ ಅಲ್ಯೂಮಿನಿಯಂ. ಅದನ್ನು ಬದಲಿಸದೆ ಅಡುಗೆಮನೆಯಲ್ಲಿ ಏನು ಮಾಡಿದರೂ ವ್ಯರ್ಥ. ಸೊಸಾಯ್ಟಿಗೆ ಹೇಳಬೇಕು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಕಡಿಮೆಯಿದ್ದರೆ ವಿದ್ಯುತ್ ಕಂಪನಿ ಮಹಾವಿತರಣಕ್ಕೆ ಅರ್ಜಿ ಹಾಕಬೇಕು. ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ. ಮೂರು ಪಿನ್ನಿನ ಸಾಕೆಟ್ ಇದೆ ಅಂದಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ, ಎಷ್ಟೋ ಮನೆಗಳಲ್ಲಿ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಅದನ್ನೂ ಅಳೆಸಿ.

ಕಟ್ಟುವಾಗ ಎರಡು ಎಚ್ಚರ. ಯುರೋಪಿನ ಒಲೆಗಳ ಹಿಂದೆ 1, 2, 3, 4, 5 ಮತ್ತು ಅರ್ಥ್ ಅಂತ ಟರ್ಮಿನಲ್ ಇರುತ್ತದೆ. ಸಿಂಗಲ್ ಫೇಸಿಗೆ ಸಾಮಾನ್ಯವಾಗಿ 1–2–3 ಕೂಡಿಸಿ ಫೇಸ್, 4–5 ಕೂಡಿಸಿ ನ್ಯೂಟ್ರಲ್. ಕೂಡಿಸುವ ಹಿತ್ತಾಳೆ ಪಟ್ಟಿಗಳು ಹಳೇ ಒಲೆಯಲ್ಲಿ ಕಳೆದುಹೋಗಿರುತ್ತವೆ, ಆಗ ಎರಡು ಪ್ಲೇಟು ಮಾತ್ರ ಕಾದು ಉಳಿದದ್ದು ತಣ್ಣಗಿದ್ದರೆ ಒಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಮುಚ್ಚಳದ ಒಳಗೆ ಚಿತ್ರ ಅಂಟಿಸಿರುತ್ತಾರೆ, ಅದೇ ಪ್ರಮಾಣ. ಇನ್ನೊಂದು, ಬಣ್ಣ. ಅಲ್ಲಿನ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ಹಳೇ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಮೂರು ಫೇಸಿನ ಮನೆಯಲ್ಲಿ ನೀಲಿಗೆ ನೀಲಿ ಕೂಡಿಸಿದರೆ 230ರ ಎಲಿಮೆಂಟಿಗೆ 400 ವೋಲ್ಟ್ ಬಿದ್ದು ಕ್ಷಣದಲ್ಲಿ ಸುಡುತ್ತದೆ. ಬಣ್ಣ ನೋಡಿ ಕಟ್ಟುವುದೇ ಬೇಡ, ಮೀಟರ್ ಹಿಡಿದು ಕಟ್ಟಲಿ.

ನೀವು ಕೇಳದ ಮಾತು ಒಂದಿದೆ. ಎರಕದ ಪ್ಲೇಟು ಕಾಯಲು ನಿಧಾನ, ಆರಲೂ ನಿಧಾನ, ತಳ ಸಪಾಟಾದ ಪಾತ್ರೆಯೇ ಬೇಕು, ಜೋಳದ ರೊಟ್ಟಿಯನ್ನು ಕಡೆಗೆ ಉರಿಗೆ ಹಿಡಿಯಲು ಬರುವುದಿಲ್ಲ. ಮಹಾರಾಷ್ಟ್ರದ ಬಿಲ್ಲು 100, 300, 500 ಯೂನಿಟ್ಟಿನ ಮೆಟ್ಟಿಲು ದಾಟಿದಂತೆ ದರ ಏರುತ್ತದೆ. ದಿನಕ್ಕೆ ಮೂರು ಯೂನಿಟ್ ಒಲೆಗೇ ಹೋದರೂ ತಿಂಗಳಿಗೆ 90. ಮನೆಗೆ ಪೈಪ್ ಗ್ಯಾಸ್ ಬಂದಿದ್ದರೆ ನಾನಾದರೆ ಈ ಒಲೆಯನ್ನು ಓವನ್ನಿನ ಆಸೆಗೆ ಮಾತ್ರ ಇಟ್ಟುಕೊಳ್ಳುತ್ತಿದ್ದೆ. ಬೇಕಿರುವುದು ಬರೀ ಎರಡು ಪ್ಲೇಟಾದರೆ ಒಟ್ಟು 3000 ವ್ಯಾಟ್ ಒಳಗಿನ ಟೇಬಲ್ ಮಾದರಿ ತೆಗೆದುಕೊಳ್ಳಿ. 13 ಆಂಪಿಯರ್, ವೈರಿಂಗ್ ಸರಿಯಿರುವ 16ರ ಸಾಕೆಟ್ಟಿಗೆ ಅದು ಧಾರಾಳ.

ಇಟ್ಟುಕೊಳ್ಳುವುದೇ ಆದರೆ, ಮೊದಲ ಸಲ ಕಿಟಕಿ ತೆಗೆದು ಖಾಲಿ ಓವನ್ ಕಾಯಿಸಿ, ಹಳೇ ಜಿಡ್ಡು ಹೊಗೆಯಾಡುತ್ತದೆ. ಒಂದು ತಿಂಗಳು ಬಳಸಿದ ಮೇಲೆ ಮೇನ್ ಆಫ್ ಮಾಡಿಸಿ ಟರ್ಮಿನಲ್ ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿಸಿ, ಕಾದು ಆರಿ ಅವು ಸಡಿಲವಾಗುತ್ತವೆ.